ತೊಟ್ಟಿಲ ಕೂಸಿಗೆ ಕಾಗದದ ಕಾವಲು

ಹೊರನಾಡಿನಲ್ಲಿ ದುಡಿಯುವ ನಮ್ಮ ತರುಣರಿಗೆ ಮಗು ಹುಟ್ಟಿದ ಶುಭವಾರ್ತೆ ಬಹುಮಟ್ಟಿಗೆ ದೂರದಿಂದಲೇ ತಲುಪುತ್ತದೆ. ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿರುತ್ತಾಳೆ. ಕೂಸು ಕುಂದಾಪುರದಲ್ಲೋ ಕಾರ್ಕಳದಲ್ಲೋ ಕುಮಟೆಯಲ್ಲೋ ವಿಜಯಪುರದಲ್ಲೋ ಕಣ್ಣು ತೆರೆಯುತ್ತದೆ. ತಂದೆಯಾದವನು ಮುಂಬಯಿಯ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತಿರುತ್ತಾನೆ, ಇಲ್ಲವೆ ಪುಣೆಯ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿರುತ್ತಾನೆ. ಪೇಢೆ ಹಂಚುವುದು, ಯಜಮಾನರಲ್ಲಿ ರಜೆ ಬೇಡುವುದು, ರೈಲಿನ ಟಿಕೆಟಿಗೆ ಪರದಾಡುವುದು, ತೊಟ್ಟಿಲು ಹಾಕುವ ಶಾಸ್ತ್ರಕ್ಕೆ ಕೈಸಾಲ ಎತ್ತುವುದು, ಇವೆಲ್ಲ ಯಾರೂ ಹೇಳಿಕೊಡದೆಯೇ ನಡೆಯುತ್ತವೆ. ಹೇಳಿಕೊಟ್ಟರೂ ನಡೆಯದೆ ಉಳಿಯುವುದು ಒಂದೇ. ಅದು ಕಾಗದಪತ್ರಗಳ ಕೆಲಸ.

ಕಾಗದಪತ್ರವೆಂದರೆ ಮಗುವಿನ ಜನನ ಪ್ರಮಾಣಪತ್ರವೊಂದೇ ಎಂಬ ಭಾವನೆ ನಮ್ಮವರಲ್ಲಿ ಬೇರೂರಿದೆ. ಅದು ಅರ್ಧ ಸತ್ಯ. ಮಗು ಹುಟ್ಟಿದ ದಿನ ಒಂದು ಹೊಸ ಕಾಗದ ಹುಟ್ಟಬೇಕು, ನಿಜ. ಆದರೆ ಅದೇ ದಿನ ತಂದೆಯ ಹಳೆಯ ಕಾಗದಗಳೆಲ್ಲ ಸವಕಲಾಗುತ್ತವೆ. ಮದುವೆಗೆ ಮುನ್ನ ಭವಿಷ್ಯನಿಧಿಯ ಅರ್ಜಿಯಲ್ಲಿ, ವಿಮೆಯ ಪತ್ರದಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಯಾರ ಹೆಸರು ಬರೆಸಿದ್ದನೋ ಆ ಹೆಸರೇ ಅಲ್ಲಿ ಕುಳಿತಿರುತ್ತದೆ. ಹೆಂಡತಿಯೂ ಕೂಸೂ ಆ ಕಾಗದಗಳ ಪಾಲಿಗೆ ಲೋಕದಲ್ಲಿಯೇ ಇರುವುದಿಲ್ಲ. ಮಗುವಿನ ಕಾಗದವೂ ತಂದೆತಾಯಿಗಳ ಕಾಗದವೂ ಒಂದೇ ಕೆಲಸದ ಎರಡು ಭಾಗಗಳೆಂದು ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ. ನಾವು ವಕೀಲರಲ್ಲ, ಹಲವು ವರ್ಷ ಹೋಟೆಲಿನ ಗಲ್ಲಾದ ಮೇಲೆ ಕುಳಿತು, ಈಗ ಪತ್ರಿಕೆಯ ಮೇಜಿನ ಮುಂದೆ ಕುಳಿತವರು. ಎರಡೂ ಕಡೆ ಕಂಡದ್ದನ್ನೂ, ಕಾಯಿದೆಯಲ್ಲಿ ಇರುವುದನ್ನೂ ಸೇರಿಸಿ ಸರಳವಾಗಿ ಹೇಳುತ್ತೇವೆ.

ಹುಟ್ಟಿದ ಊರೇ ದಾಖಲೆಯ ಊರು

ಮೊದಲು ತಿಳಿಯತಕ್ಕ ಸಂಗತಿ ಇದು. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಜನನವು ಎಲ್ಲಿ ಸಂಭವಿಸಿತೋ ಅಲ್ಲಿಯೇ ದಾಖಲಾಗಬೇಕು. ತಂದೆಯ ಬಿಡಾರ ಎಲ್ಲಿದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಕುಂದಾಪುರದಲ್ಲಿ ಹುಟ್ಟಿದ ಕೂಸಿನ ದಾಖಲೆಗೆ ಮುಂಬಯಿಯ ನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಸರದಿಯಲ್ಲಿ ನಿಲ್ಲುವುದು ವ್ಯರ್ಥ ಶ್ರಮ. ಅಂತೆಯೇ ಮುಂಬಯಿಯ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಊರಿನ ಪಂಚಾಯತಿಯಿಂದ ಪತ್ರ ತರುತ್ತೇನೆಂದು ಹೊರಡುವುದು ವ್ಯರ್ಥ ಮಾತ್ರವಲ್ಲ, ಅಪಾಯಕರ. ಹುಟ್ಟಿದ ಊರನ್ನು ಸುಳ್ಳು ಹೇಳಿ ಪಡೆದ ಪತ್ರ ಮುಂದೊಂದು ದಿನ ಮಗುವಿನ ಕಾಲಿಗೇ ತೊಡರುತ್ತದೆ.

ಹೆರಿಗೆ ಆಸ್ಪತ್ರೆಯಲ್ಲಾದರೆ ರಿಜಿಸ್ಟ್ರಾರರಿಗೆ ವರದಿ ಮಾಡುವ ಹೊಣೆ ಆಸ್ಪತ್ರೆಯ ಅಧಿಕಾರಿಯದು. ಮನೆಯಲ್ಲಾದರೆ ಆ ಹೊಣೆ ಮನೆಯ ಯಜಮಾನನದು. ಚಲಿಸುವ ವಾಹನದಲ್ಲಾದರೆ ಅದರ ಮೇಲ್ವಿಚಾರಕನು ಮೊದಲು ನಿಂತ ಸ್ಥಳದಲ್ಲಿ ತಿಳಿಸಬೇಕೆಂದು ನಿಯಮವಿದೆ. ಊರಿಗೂ ಮುಂಬಯಿಗೂ ನಡುವೆ ಓಡಾಡುವ ನಮ್ಮವರಿಗೆ ಇದೂ ಗೊತ್ತಿರಲಿ. ವರದಿಗೆ ವಾಯಿದೆ 21 ದಿನ. ಅಷ್ಟರೊಳಗೆ ತಿಳಿಸಿದರೆ ಶುಲ್ಕವಿಲ್ಲ. ನೋಂದಣಿ ಮುಗಿದ ಬಳಿಕ ಏಳು ದಿನಗಳೊಳಗೆ ಪ್ರಮಾಣಪತ್ರವನ್ನು ಉಚಿತವಾಗಿ ಕೊಡಬೇಕೆಂದು 2023ರ ತಿದ್ದುಪಡಿ ವಿಧಿಸಿದೆ. ಆದುದರಿಂದ ಮೊದಲ ಪ್ರತಿಗಾಗಿ ದಲ್ಲಾಳಿಯ ಕೈಗೆ ಹಣ ಕೊಡುವ ಕಾರಣವೇ ಇಲ್ಲ.

21 ದಿನ ಕಳೆದರೆ ಏನಾಗುವುದು? 30 ದಿನಗಳೊಳಗೆ ಹೋದರೆ ಅಲ್ಪ ತಡ ಶುಲ್ಕ ತೆತ್ತು ಕೆಲಸ ಮುಗಿಯುತ್ತದೆ. 30 ದಿನ ದಾಟಿ ಒಂದು ವರ್ಷದೊಳಗಾದರೆ ಜಿಲ್ಲಾ ರಿಜಿಸ್ಟ್ರಾರರ ಅಥವಾ ನೇಮಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿತೋ, ಜಿಲ್ಲಾ ಮ್ಯಾಜಿಸ್ಟ್ರೇಟರು, ಉಪವಿಭಾಗದ ಮ್ಯಾಜಿಸ್ಟ್ರೇಟರು ಇಲ್ಲವೆ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಜನನದ ಸತ್ಯಾಸತ್ಯತೆ ಪರಿಶೀಲಿಸಿ ಆಜ್ಞೆ ಮಾಡಬೇಕು. ತಿಂಗಳಿಗೆ ನಾಲ್ಕು ರಜೆಯೂ ಸಿಕ್ಕದ ಹೋಟೆಲ್ ಕಾರ್ಮಿಕನು ಆ ಆಜ್ಞೆಗಾಗಿ ಮುಂಬಯಿಯಿಂದ ಊರಿಗೆ ಎಷ್ಟು ಸಲ ಹೋಗಿ ಬರಬೇಕಾದೀತು, ಅದಕ್ಕೆ ಎಷ್ಟು ದಿನದ ಸಂಬಳ ಕಳೆದುಕೊಳ್ಳಬೇಕಾದೀತು ಎಂಬುದನ್ನು ಅವರವರೇ ಎಣಿಸಿ ನೋಡಲಿ. 21 ದಿನದೊಳಗೆ ಮಾವನೋ ಭಾವಮೈದುನನೋ ಒಂದು ಸಲ ಆಸ್ಪತ್ರೆಗೆ ಹೋಗಿ, ವರದಿ ಕಳಿಸಿದ್ದಾರೆಯೆ ಎಂದು ವಿಚಾರಿಸಿಬಂದರೆ ಇಷ್ಟೆಲ್ಲ ತಪ್ಪುತ್ತದೆ.

ಈ ಪತ್ರದ ಬೆಲೆ ಈಗ ಮೊದಲಿನಂತಿಲ್ಲ ಎಂಬುದನ್ನೂ ಮನಗಾಣಬೇಕು. ನಮ್ಮ ಹಿರಿಯರ ಪೀಳಿಗೆಯಲ್ಲಿ ಹುಟ್ಟಿದ ದಿನವನ್ನು ಶಾಲೆಯ ಮಾಸ್ತರರೇ ನಿರ್ಣಯಿಸುತ್ತಿದ್ದರು. ಶಾಲೆ ತೆರೆಯುವ ಜೂನ್ ತಿಂಗಳ 1ನೆಯ ತಾರೀಖಿನಂದು ಹುಟ್ಟಿದವರು ಒಂದೊಂದು ಹಳ್ಳಿಯಲ್ಲೂ ಅದೆಷ್ಟೋ ಮಂದಿ ಸಿಕ್ಕುತ್ತಾರೆ. ಆ ಕಾಲ ಮುಗಿಯಿತು. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ವಾಹನ ಚಾಲನೆಯ ಪರವಾನಿಗೆ, ವಿವಾಹ ನೋಂದಣಿ, ಸರಕಾರಿ ನೌಕರಿ, ಪಾಸ್‌ಪೋರ್ಟ್, ಆಧಾರ್ ಇವೆಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ಮಾಸ್ತರರ ದಾಕ್ಷಿಣ್ಯವಾಗಲಿ, ಜಾತಕದ ಪ್ರತಿಯಾಗಲಿ ಇನ್ನು ನಡೆಯದು.

ಹೆಸರು ಮತ್ತು ಅಕ್ಷರ

ನಾಮಕರಣವಾಗುವ ತನಕ ನೋಂದಣಿಗೆ ಕಾಯಬೇಕೆಂಬುದು ಮತ್ತೊಂದು ತಪ್ಪು ತಿಳುವಳಿಕೆ. ಹೆಸರಿಲ್ಲದೆಯೂ ಜನನ ದಾಖಲಾಗುತ್ತದೆ. ಬಳಿಕ 12 ತಿಂಗಳೊಳಗೆ ತಂದೆತಾಯಿಗಳು ಹೆಸರನ್ನು ತಿಳಿಸಿದರೆ ಶುಲ್ಕವಿಲ್ಲದೆ ಸೇರಿಸುತ್ತಾರೆ. ಅನಂತರವೂ 15 ವರ್ಷಗಳ ತನಕ ತಡ ಶುಲ್ಕ ತೆತ್ತು ಸೇರಿಸಲು ಅವಕಾಶವಿದೆ. ಆದರೆ ಈ ಹದಿನೈದು ವರ್ಷವೆಂಬ ಮಾತು ಕೇಳಿ ಯಾರೂ ನಿಶ್ಚಿಂತರಾಗಬಾರದು. ಹೆಸರಿಲ್ಲದ ಪತ್ರ ಶಾಲೆಯ ಬಾಗಿಲಲ್ಲಿ ಅರ್ಧ ಪತ್ರವೇ.

ಹೆಸರನ್ನು ಬರೆಸುವ ಮುನ್ನ ಹೊರನಾಡ ಕನ್ನಡಿಗನು ಎರಡು ರಾಜ್ಯಗಳ ರೂಢಿಯನ್ನು ತೂಗಿ ನೋಡಬೇಕು. ನಮ್ಮೂರಿನಲ್ಲಿ ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು ಎಂಬ ಕ್ರಮ ಬಹಳ ಕಡೆ ಇದೆ. ಮಹಾರಾಷ್ಟ್ರದಲ್ಲಿ ಮೊದಲು ತನ್ನ ಹೆಸರು, ಬಳಿಕ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. 2024ರ ಮೇ 1ರಿಂದೀಚೆಗೆ ಹುಟ್ಟಿದವರಿಗೆ ಆ ರಾಜ್ಯದ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವನ್ನು ಅಲ್ಲಿನ ಸರಕಾರ ಗೊತ್ತುಪಡಿಸಿದೆ. ತಾಯಿಯ ಹೆಸರಿಗೆ ಸಂದ ಈ ಗೌರವವನ್ನು ನಾವು ಮನಸಾ ಸ್ವಾಗತಿಸುತ್ತೇವೆ. ಅಳಿಯಕಟ್ಟಿನ ಮನೆತನಗಳಿಗಂತೂ ಇದು ಹೊಸತಲ್ಲ. ಅಲ್ಲಿ ಮಕ್ಕಳಿಗೆ ಮನೆತನ ಬರುವುದೇ ತಾಯಿಯಿಂದ. ಆದರೆ ಕಾಗದದ ದೃಷ್ಟಿಯಿಂದ ಇದರ ಅರ್ಥವೇನು? ಊರಿನಲ್ಲಿ ಬರೀ ಮೊದಲಕ್ಷರ ಹಾಕಿಸಿದರೆ, ಮುಂಬಯಿಯ ಶಾಲೆಯವರು ಆ ಅಕ್ಷರವನ್ನು ಬಿಡಿಸಿ ಬರೆಯುತ್ತಾರೆ. ಊರಿನ ಹೆಸರು ತಂದೆಯ ಹೆಸರಾಗುತ್ತದೆ, ತಂದೆಯ ಹೆಸರು ಅಡ್ಡಹೆಸರಾಗುತ್ತದೆ. ಆದಕಾರಣ ಮೊದಲಕ್ಷರಗಳನ್ನು ಬಿಟ್ಟು, ತಂದೆ ತಾಯಿ ಇಬ್ಬರ ಹೆಸರನ್ನೂ ಅಡ್ಡಹೆಸರನ್ನೂ ಪೂರ್ತಿಯಾಗಿ ಬರೆಸುವುದೇ ಕ್ಷೇಮ.

ಇನ್ನು ಇಂಗ್ಲಿಷ್ ಅಕ್ಷರಗಳ ತೊಡಕು. ಸವಿತಾ ಎಂಬ ಹೆಸರಿನ ಕೊನೆಯ ಅಕ್ಷರಕ್ಕೆ ಮಂಗಳೂರು, ಬೆಂಗಳೂರು ಕಡೆಯ ಗುಮಾಸ್ತ ಟಿ ಎಚ್ ಎರಡನ್ನೂ ಹಾಕುತ್ತಾನೆ. ಮುಂಬಯಿಯ ಕಾರಕೂನ ಟಿ ಒಂದನ್ನೇ ಹಾಕುತ್ತಾನೆ. ಕಿವಿಗೆ ಒಂದೇ ಹೆಸರು, ಕಾಗದದಲ್ಲಿ ಇಬ್ಬರು ಹುಡುಗಿಯರು! ಹತ್ತು ವರ್ಷದ ಮೇಲೆ ಒಬ್ಬಳೇ ಹುಡುಗಿ ತಾನು ಇಬ್ಬರಲ್ಲ ಎಂದು ಪ್ರಮಾಣ ಮಾಡಬೇಕಾಗುತ್ತದೆ. ಇದಕ್ಕೆ ಉಪಾಯ ಬಹಳ ಸುಲಭ. ಗಂಡಹೆಂಡಿರು ಕುಳಿತು ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ನಾಲ್ಕನ್ನೂ ಕನ್ನಡದಲ್ಲಿಯೂ ಇಂಗ್ಲಿಷ್ ಅಕ್ಷರದಲ್ಲಿಯೂ ಒಂದು ಚೀಟಿಯಲ್ಲಿ ಬರೆಯಬೇಕು. ತಮ್ಮ ಆಧಾರ್ ಚೀಟಿಯಲ್ಲಿ ಇರುವ ಅಕ್ಷರಗಳೊಡನೆ ತಾಳೆ ನೋಡಬೇಕು. ಆ ಚೀಟಿಯನ್ನೇ ಆಸ್ಪತ್ರೆಗೂ ರಿಜಿಸ್ಟ್ರಾರರ ಕಚೇರಿಗೂ ಒಯ್ಯಬೇಕು. ಬಾಯಲ್ಲಿ ಹೇಳಿ ಬರೆಸಿದ ಹೆಸರು ಬರೆಯುವವನ ಕಿವಿಯನ್ನು ಅವಲಂಬಿಸುತ್ತದೆ.

ಪತ್ರ ಕೈಗೆ ಬಂದೊಡನೆ ಅಲ್ಲಿಯೇ ನಿಂತು ಓದಬೇಕು. ತಪ್ಪಿದ್ದರೆ ತಿದ್ದಿಸಲು ಕಾಯಿದೆಯ 15ನೆಯ ಕಲಮಿನಲ್ಲಿ ಅವಕಾಶವಿದೆ. ಮೂಲ ಬರೆಹವನ್ನು ಅಳಿಸದೆ, ಅಂಚಿನಲ್ಲಿ ತಿದ್ದುಪಡಿಯನ್ನು ಬರೆದು ರಿಜಿಸ್ಟ್ರಾರರು ರುಜು ಮಾಡುತ್ತಾರೆ. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಜಿಲ್ಲಾ ರಿಜಿಸ್ಟ್ರಾರರಿಗೆ ಮೇಲ್ಮನವಿ ಸಲ್ಲಿಸಬಹುದು.

ಒಂದು ಕಾಗದದ ಹಿಂದೆ ಹಲವು

ಜನನ ಪ್ರಮಾಣಪತ್ರವಿದ್ದರೆ ಉಳಿದವು ಅದರ ಹಿಂದೆ ತಾವಾಗಿ ಬರುತ್ತವೆ. ಐದು ವರ್ಷದೊಳಗಿನ ಮಗುವಿಗೆ ನೀಲಿ ಬಣ್ಣದ ಬಾಲ ಆಧಾರ್ ದೊರೆಯುತ್ತದೆ. ಬೆರಳಚ್ಚು ಬೇಕಿಲ್ಲ, ತಂದೆ ಅಥವಾ ತಾಯಿಯ ಆಧಾರಿನೊಡನೆ ಅದನ್ನು ಜೋಡಿಸುತ್ತಾರೆ. ಮಗುವಿಗೆ 5 ತುಂಬಿದಾಗ ಒಮ್ಮೆ, 15 ತುಂಬಿದಾಗ ಇನ್ನೊಮ್ಮೆ ಬೆರಳಚ್ಚು ಕೊಟ್ಟು ಹೊಸದು ಮಾಡಿಸಬೇಕು. ರೇಶನ್ ಕಾರ್ಡಿಗೆ ಕೂಸಿನ ಹೆಸರು ಸೇರಿಸತಕ್ಕದ್ದು. ಹೆಣ್ಣುಮಗುವಾದರೆ ಅಂಚೆ ಕಚೇರಿಯಲ್ಲಿ 2015ರಿಂದ ನಡೆಯುತ್ತಿರುವ ಸುಕನ್ಯಾ ಸಮೃದ್ಧಿ ಖಾತೆಯನ್ನು ಹತ್ತು ವರ್ಷ ತುಂಬುವುದರೊಳಗೆ ತೆರೆಯಬಹುದು. ಅದಕ್ಕೂ ಇದೇ ಪತ್ರವೇ ಬೇಕು. ಇಎಸ್‌ಐ ಇರುವ ಕಾರ್ಮಿಕರು ಕುಟುಂಬದ ವಿವರದಲ್ಲಿ ಕೂಸಿನ ಹೆಸರನ್ನು ಒಡನೆಯೇ ಬರೆಸಬೇಕು. ಹೆಸರಿಲ್ಲದೆ ಮಧ್ಯರಾತ್ರಿ ಜ್ವರ ಬಂದ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರೆ ಚಿಕಿತ್ಸೆಗಿಂತ ಮೊದಲು ವಿಚಾರಣೆ ಆರಂಭವಾದೀತು.

ತಂದೆಯ ಕಾಗದಗಳು

ಇನ್ನು ನಮ್ಮವರು ಕಣ್ಣೆತ್ತಿಯೂ ನೋಡದ ಎರಡನೆಯ ಭಾಗಕ್ಕೆ ಬರುತ್ತೇವೆ. ಇದರಲ್ಲಿ ಸಾವಿನ ಮಾತು ಬರುತ್ತದೆ. ತೊಟ್ಟಿಲಿನ ಮುಂದೆ ಅಂಥ ಮಾತು ಅಶುಭವೆನ್ನುವವರು ಉಂಟು. ಮಳೆ ಬರಲೆಂದು ಯಾರೂ ಕೊಡೆ ಕೊಳ್ಳುವುದಿಲ್ಲ. ಬಂದರೆ ನೆನೆಯಬಾರದೆಂದು ಕೊಳ್ಳುತ್ತಾರೆ. ಇದೂ ಹಾಗೆಯೇ.

ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ 2025ರಲ್ಲಿ ತೀರ್ಮಾನವಾದ ವ್ಯಾಜ್ಯವೊಂದನ್ನು ಇಲ್ಲಿ ಹೇಳುವುದು ಉಚಿತ. ಒಬ್ಬ ಗೃಹಸ್ಥನು ಮದುವೆಗೆ ಮುನ್ನ ವಿಮೆ ಇಳಿಸಿ ತಾಯಿಯ ಹೆಸರನ್ನು ನಾಮಿನಿಯಾಗಿ ಬರೆಸಿದ್ದನು. ಅನಂತರ ಮದುವೆಯಾಯಿತು, ಗಂಡುಮಗು ಹುಟ್ಟಿತು. ವಿಮೆಯ ಪತ್ರದಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ. 2019ರಲ್ಲಿ ಅವನು ತೀರಿಕೊಂಡನು. ಹಣ ತನ್ನದೆಂದು ತಾಯಿ. ತಮಗೂ ಪಾಲುಂಟೆಂದು ಹೆಂಡತಿ ಮತ್ತು ಮಗು. ಕೆಳಗಿನ ನ್ಯಾಯಾಲಯವೂ ಉಚ್ಚ ನ್ಯಾಯಾಲಯವೂ ಮೂವರಿಗೂ ತಲಾ ಮೂರರಲ್ಲೊಂದು ಪಾಲೆಂದು ತೀರ್ಪಿತ್ತವು. ನ್ಯಾಯವೇನೋ ದೊರಕಿತು. ಆದರೆ ಮಗನನ್ನು ಕಳೆದುಕೊಂಡ ತಾಯಿಯೂ ಗಂಡನನ್ನು ಕಳೆದುಕೊಂಡ ಸೊಸೆಯೂ ಒಬ್ಬರ ಕೈಯನ್ನೊಬ್ಬರು ಹಿಡಿಯಬೇಕಾಗಿದ್ದ ವರ್ಷಗಳನ್ನು ಎದುರುಬದುರಿನ ಪಕ್ಷಗಾರರಾಗಿ ಕಳೆದರು. ಅರ್ಧ ಪುಟದ ಒಂದು ಅರ್ಜಿಗೆ ರುಜು ಬಿದ್ದಿದ್ದರೆ ಇದು ತಪ್ಪುತ್ತಿತ್ತು.

ನಾಮಿನಿ ಎಂಬ ಪದದ ವಿಷಯದಲ್ಲಿ ಗೊಂದಲ ಬಹಳ. ಬ್ಯಾಂಕಿನಲ್ಲಿ ನಾಮಿನಿಯಾದವನು ಹಣವನ್ನು ಪಡೆದುಕೊಳ್ಳುವವನೇ ಹೊರತು ಅದರ ಒಡೆಯನಲ್ಲ; ವಾರಸುದಾರರಿಗಾಗಿ ಅದನ್ನು ಕೈಯಲ್ಲಿ ಹಿಡಿಯುವವನು. ವಿಮೆಯಲ್ಲಿಯೂ ನಾಮಿನಿ ಹಣ ಸ್ವೀಕರಿಸುವವನು ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯ 1980ರ ದಶಕದಲ್ಲಿಯೇ ಹೇಳಿತ್ತು. 2015ರ ತಿದ್ದುಪಡಿಯಾದರೋ ತಂದೆತಾಯಿ, ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಹಕ್ಕೂ ಅವರದೇ ಎಂದಿತು. ಆ ಮಾತು ವಾರಸಿನ ಕಾನೂನನ್ನು ಮೀರುವುದಿಲ್ಲವೆಂಬುದೇ ಮೇಲೆ ಹೇಳಿದ ತೀರ್ಪಿನ ಸಾರ. ಹೀಗೆ ಕಾನೂನಿನ ಮಾತು ಜಗ್ಗಾಡುತ್ತಿರುವಾಗ ಬಡವನಿಗೆ ಉಳಿದ ದಾರಿ ಯಾವುದು? ನಾಮಿನಿಯ ಹೆಸರೂ ವಾರಸಿನ ಹಕ್ಕೂ ಒಂದಕ್ಕೊಂದು ವಿರುದ್ಧವಾಗದಂತೆ ಇಂದೇ ಸರಿಪಡಿಸಿಕೊಳ್ಳುವುದು.

ಹಿಂದೂ ವಾರಸಿನ 1956ರ ಕಾಯಿದೆಯಂತೆ ಮೃತ್ಯುಪತ್ರ ಬರೆಯದೆ ತೀರಿಕೊಂಡ ಪುರುಷನ ಸ್ವಯಾರ್ಜಿತದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರೆಲ್ಲರಿಗೂ ಸಮಪಾಲು. ಆತ ತೀರಿಕೊಂಡಾಗ ಹೊಟ್ಟೆಯಲ್ಲಿದ್ದು, ಬಳಿಕ ಜೀವಂತವಾಗಿ ಹುಟ್ಟಿದ ಕೂಸಿಗೂ ಅದೇ ಹಕ್ಕು. ಮುಸಲ್ಮಾನ ಮತ್ತು ಕ್ರೈಸ್ತ ಬಂಧುಗಳಿಗೆ ಅವರವರ ಕಾನೂನಿನಂತೆ ಪಾಲುಗಳು ಬೇರೆ.

ಭವಿಷ್ಯನಿಧಿಯ ವಿಷಯವನ್ನು ಪ್ರತ್ಯೇಕವಾಗಿ ಗಮನಿಸಬೇಕು. ಕುಟುಂಬವಿಲ್ಲದಾಗ ಅಣ್ಣನ ಹೆಸರನ್ನೋ ಗೆಳೆಯನ ಹೆಸರನ್ನೋ ಬರೆಸಿದ್ದರೆ, ಮದುವೆಯಾಗಿ ಕುಟುಂಬವಾದೊಡನೆ ಆ ನಾಮನಿರ್ದೇಶನ ತಾನಾಗಿ ಅಸಿಂಧುವಾಗುತ್ತದೆಂದು 1952ರ ಯೋಜನೆಯಲ್ಲಿಯೇ ಬರೆದಿದೆ. ಅಂದರೆ ನಮ್ಮವನು ಹೆಸರು ಬರೆಸಿದ್ದೇನೆಂದು ಸಮಾಧಾನದಿಂದಿರುತ್ತಾನೆ. ಕಾಗದದಲ್ಲಿ ಯಾರ ಹೆಸರೂ ಇರುವುದಿಲ್ಲ. ಅವಲಂಬಿತಳಾದ ತಾಯಿಯ ಹೆಸರನ್ನು ಬರೆಸಿದ್ದರೆ, ಆಕೆಯೂ ಕುಟುಂಬದವಳೇ ಆದುದರಿಂದ, ಆ ಹೆಸರೊಂದೇ ಮುಂದುವರಿದು ಹೆಂಡತಿ ಮಕ್ಕಳು ಹೊರಗೆ ನಿಲ್ಲುತ್ತಾರೆ. ಎರಡೂ ಅನರ್ಥವೇ. ತಾಯಿಗೆ ಇಷ್ಟು, ಹೆಂಡತಿಗೆ ಇಷ್ಟು, ಮಗುವಿಗೆ ಇಷ್ಟು ಎಂದು ಪಾಲು ಹಂಚಿ ಬರೆಸಲು ಅಲ್ಲಿ ಅವಕಾಶವಿದೆ. ತಾಯಿಯನ್ನು ಕೈಬಿಡಬೇಕೆಂದು ನಾವು ಯಾರಿಗೂ ಹೇಳುತ್ತಿಲ್ಲ.

ಭವಿಷ್ಯನಿಧಿಯೊಡನೆ ಬರುವ ಇನ್ನೆರಡು ಸವಲತ್ತು ಅನೇಕರಿಗೆ ತಿಳಿದೇ ಇಲ್ಲ. ನೌಕರಿಯಲ್ಲಿದ್ದಾಗಲೇ ತೀರಿಕೊಂಡ ಸದಸ್ಯನ ಕುಟುಂಬಕ್ಕೆ 1976ರ ಠೇವಣಿ ಸಂಲಗ್ನ ವಿಮಾ ಯೋಜನೆಯಂತೆ ವಿಮೆಯ ಹಣ ಬರುತ್ತದೆ. ಅದರ ಗರಿಷ್ಠ ಮಿತಿಯನ್ನು 2021ರಲ್ಲಿ 7 ಲಕ್ಷ ರೂಪಾಯಿಗೆ ಏರಿಸಲಾಯಿತು. 1995ರ ಪಿಂಚಣಿ ಯೋಜನೆಯಂತೆ ವಿಧವೆಗೆ ಪಿಂಚಣಿಯೂ, ಒಮ್ಮೆಗೆ ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವ ತನಕ ಆ ಪಿಂಚಣಿಯ ಕಾಲುಭಾಗದಂತೆ ಬೇರೆ ಪಿಂಚಣಿಯೂ ಉಂಟು. ಆ ಮಗು ಇವನದೇ, ಅದರ ವಯಸ್ಸು ಇಷ್ಟೇ ಎಂದು ಆಗ ತೋರಿಸುವುದು ಯಾವುದು? ಊರಿನ ರಿಜಿಸ್ಟ್ರಾರರು ಕೊಟ್ಟ ಅದೇ ಜನನ ಪ್ರಮಾಣಪತ್ರ. ಎರಡು ಭಾಗಗಳೂ ಒಂದೇ ಕೆಲಸವೆಂದು ನಾವು ಆರಂಭದಲ್ಲಿ ಹೇಳಿದುದರ ತಾತ್ಪರ್ಯ ಇದು.

ಇಲ್ಲಿ ಹೋಟೆಲ್ ಮಾಲಿಕ ಬಂಧುಗಳಿಗೂ ಒಂದು ಮಾತು. ಆಳುಗಳ ಹೆಸರು ಹಾಜರಿ ಪುಸ್ತಕದಲ್ಲಿಲ್ಲದಿದ್ದರೆ ಮೇಲಿನ ಯಾವ ಸವಲತ್ತೂ ಅವರಿಗಿಲ್ಲ. ನಮ್ಮ ತಟ್ಟೆ ಲೋಟ ತೊಳೆದವನ ಕೂಸಿಗೆ ನಾವು ಕೊಡಬಹುದಾದ ಉಡುಗೊರೆಗಳಲ್ಲಿ ಬೆಳ್ಳಿಯ ಬಟ್ಟಲಿಗಿಂತ ಆ ಹಾಜರಿಯ ಗೆರೆ ದೊಡ್ಡದು.

ಬ್ಯಾಂಕಿನ ಖಾತೆಗಳಿಗೆ 2025ರ ನವೆಂಬರ್ 1ರಿಂದ ನಾಲ್ವರ ತನಕ ನಾಮಿನಿಗಳನ್ನು ಬರೆಸಬಹುದಾಗಿದೆ. ಖಾತೆಯಿಂದ ವರ್ಷಕ್ಕೊಮ್ಮೆ ಕಡಿತವಾಗುವ 2 ಲಕ್ಷ ರೂಪಾಯಿಯ ಜೀವನ ಜ್ಯೋತಿ ವಿಮೆಗೆ ಸೇರಿದವರು, ಅಂದು ಬ್ಯಾಂಕಿನ ಗುಮಾಸ್ತ ಅವಸರದಲ್ಲಿ ಯಾರ ಹೆಸರು ಬರೆದನೆಂದು ಒಮ್ಮೆ ವಿಚಾರಿಸಲಿ. ಮಗುವನ್ನೇ ನಾಮಿನಿಯಾಗಿ ಬರೆಸುವವರು, ಅದಕ್ಕೆ ವಯಸ್ಸು ತುಂಬುವ ತನಕ ಹಣ ಪಡೆಯತಕ್ಕ ಹಿರಿಯರೊಬ್ಬರ ಹೆಸರನ್ನು ಜೊತೆಗೆ ಬರೆಸಲು ಮರೆಯಬಾರದು.

ಸಾಲಗಾರನ ಮಕ್ಕಳಿಗೆ ಒಂದು ಹಳೆಯ ಕಾಯಿದೆ

ದುಡಿಮೆಯ ಹಣ ಕೂಡಿಸಿ, ಸಾಲ ಎತ್ತಿ, ಸಣ್ಣ ಹೋಟೆಲನ್ನು ನಡೆಸಲು ಹಿಡಿಯುವುದು ನಮ್ಮ ಕಾರ್ಮಿಕರಲ್ಲಿ ಅನೇಕರ ಕನಸು. ಅಂಥವರಿಗೆ ಉಪಯುಕ್ತವಾದ ಹಳೆಯ ಕಾಯಿದೆಯೊಂದಿದೆ. ಅದು 1874ರ ವಿವಾಹಿತ ಸ್ತ್ರೀಯರ ಆಸ್ತಿಯ ಕಾಯಿದೆ. ವಿವಾಹಿತ ಪುರುಷನು ತನ್ನ ಜೀವದ ಮೇಲೆ ವಿಮೆ ಇಳಿಸುವಾಗಲೇ, ಅದು ಹೆಂಡತಿ ಮಕ್ಕಳ ಹಿತಕ್ಕಾಗಿ ಎಂದು ಈ ಕಾಯಿದೆಯ 6ನೆಯ ಕಲಮಿನಂತೆ ಬರೆಸಿದರೆ, ಆ ಹಣ ಅವರ ಪಾಲಿನ ನ್ಯಾಸವಾಗುತ್ತದೆ. ಸಾಲ ಕೊಟ್ಟವರು ಅದರ ಮೇಲೆ ಕೈಹಾಕಲಾರರು. ಸಾಲಗಾರರನ್ನು ವಂಚಿಸಲೆಂದೇ ಮಾಡಿದ್ದರೆ ಮಾತ್ರ ಬೇರೆ ಮಾತು. ಒಮ್ಮೆ ಬರೆಸಿದ ಮೇಲೆ ತನ್ನ ಇಷ್ಟದಂತೆ ಹಿಂದೆಗೆಯಲಾಗದು. ಹಳೆಯ ಪಾಲಿಸಿಗೆ ಆಮೇಲೆ ಅಂಟಿಸಲೂ ಬಾರದು. ಹೊಸ ವಿಮೆ ಇಳಿಸುವ ದಿನವೇ ಏಜೆಂಟರಲ್ಲಿ ಈ ಅರ್ಜಿಯನ್ನು ಕೇಳಿ ಪಡೆಯತಕ್ಕದ್ದು.

ಮೃತ್ಯುಪತ್ರ ಮತ್ತು ಪೋಷಕ

ಉಯಿಲು, ವೀಲುನಾಮೆ, ಮರಣಶಾಸನ, ಮೃತ್ಯುಪತ್ರ ಎಂದು ನಮ್ಮ ಸೀಮೆಸೀಮೆಗೊಂದು ಹೆಸರಿರುವ ಈ ಕಾಗದ ಶ್ರೀಮಂತರಿಗೆ ಮಾತ್ರ ಎಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಅದಕ್ಕೆ ಮುದ್ರಾಂಕದ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಿಲ್ಲ, ಮಾಡಿಸಿದರೆ ಒಳ್ಳೆಯದು. ಬುದ್ಧಿ ಸ್ವಸ್ಥವಾಗಿರುವ ಪ್ರಾಪ್ತವಯಸ್ಕನು ಬಿಳಿಯ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಸಮಕ್ಷಮ ರುಜು ಮಾಡಿ, ಅವರೂ ಅವನ ಸಮಕ್ಷಮ ರುಜು ಮಾಡಿದರೆ 1925ರ ಭಾರತೀಯ ವಾರಸು ಕಾಯಿದೆಯ ಮಟ್ಟಿಗೆ ಅದು ಸಿಂಧು. ಆಸ್ತಿ ಪಡೆಯುವವರನ್ನೇ ಸಾಕ್ಷಿಯಾಗಿ ಹಾಕದಿರುವುದು ಲೇಸು. ಮುಸಲ್ಮಾನ ಬಂಧುಗಳು ತಮ್ಮ ಧರ್ಮಶಾಸ್ತ್ರದಂತೆ ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚನ್ನು ಹೀಗೆ ಬರೆಯಲಾಗದು.

ಬರೆಯಲು ನನಗೇನಿದೆ ಎಂದು ಕೇಳುವ ತರುಣನಿಗೆ ನಮ್ಮ ಉತ್ತರ: ನಿನಗೆ ಮಗುವಿದೆ. ಹಿಂದೂಗಳಿಗೆ ಅನ್ವಯಿಸುವ 1956ರ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯಿದೆ ತಂದೆಯನ್ನು, ಅವನ ಬಳಿಕ ತಾಯಿಯನ್ನು ಸಹಜ ಪೋಷಕರೆಂದು ಹೇಳುತ್ತದೆ. ಬಳಿಕ ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ಅವನು ಇಲ್ಲದೆಡೆ ಎಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಅರ್ಥೈಸಿತು. ಗಂಡ ಹೊರನಾಡಿನಲ್ಲಿ, ಹೆಂಡತಿ ಮಗು ಊರಿನಲ್ಲಿ ಇರುವ ನಮ್ಮ ಸಂಸಾರಗಳಿಗೆ ಆ ತೀರ್ಪು ಬಹಳ ಬೆಲೆಯುಳ್ಳದ್ದು. ಆದರೆ ಘಾಟಿಯ ರಸ್ತೆಯಲ್ಲಿ ರಾತ್ರಿಯ ಬಸ್ಸು ಉರುಳಿ ಇಬ್ಬರೂ ಇಲ್ಲವಾದರೆ? ಮಗುವನ್ನು ಯಾರು ಸಾಕಬೇಕೆಂದು ಅಜ್ಜನ ಮನೆಯೂ ಅಪ್ಪನ ಮನೆಯೂ ನ್ಯಾಯಾಲಯದ ಮೆಟ್ಟಿಲೇರಬೇಕಾದೀತು. ಅದೇ ಕಾಯಿದೆಯ 9ನೆಯ ಕಲಮಿನಂತೆ ತಂದೆ ಮೃತ್ಯುಪತ್ರದ ಮೂಲಕ ಪೋಷಕನನ್ನು ನೇಮಿಸಬಹುದು. ಅವನ ಹಿಂದೆ ತಾಯಿ ಬದುಕಿದ್ದರೆ ಆ ನೇಮಕ ನಡೆಯದು. ತಾಯಿಯೂ ಯಾರನ್ನೂ ನೇಮಿಸದೆ ತೀರಿಕೊಂಡರೆ ಅದು ಮತ್ತೆ ಜೀವ ಪಡೆಯುತ್ತದೆ. ಆದಕಾರಣ ಗಂಡಹೆಂಡಿರಿಬ್ಬರೂ ಮಾತಾಡಿಕೊಂಡು ಒಬ್ಬನೇ ಪೋಷಕನನ್ನು ಬೇರೆಬೇರೆ ಪತ್ರಗಳಲ್ಲಿ ಬರೆಯುವುದು ಉತ್ತಮ. ಬರೆಯುವ ಮುನ್ನ ಆ ವ್ಯಕ್ತಿಯ ಒಪ್ಪಿಗೆ ಕೇಳತಕ್ಕದ್ದು.

ಊರಿನ ಜಮೀನು ಒಟ್ಟು ಕುಟುಂಬದ್ದಾದರೆ, ಅಳಿಯಸಂತಾನದ ಕವರಿನದಾದರೆ, ಇಲ್ಲವೆ ಅಪ್ರಾಪ್ತ ಮಗುವಿನ ಹೆಸರಿನಲ್ಲಿಯೇ ಇದ್ದರೆ ಲೆಕ್ಕ ಜಟಿಲವಾಗುತ್ತದೆ. ಮಗುವಿನ ಸ್ವಂತ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಸಹಜ ಪೋಷಕನೂ ಮಾರಲಾರನು. ಇಂಥವರು ವಕೀಲರ ಬಳಿಗೆ ಹೋಗಲೇಬೇಕು. ಉಳಿದವರ ಕೆಲಸ ಒಂದು ಹಾಳೆಯಲ್ಲಿ ಮುಗಿಯುವಂಥದ್ದು.

ಪೆಟ್ಟಿಗೆ ಮತ್ತು ಕೀಲಿಕೈ

ಇಷ್ಟೆಲ್ಲ ಮಾಡಿ, ಕಾಗದಗಳನ್ನು ಹೋಟೆಲಿನ ಮಾಳಿಗೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಹೆಂಡತಿಗೆ ಒಂದು ಮಾತೂ ಹೇಳದಿದ್ದರೆ ಮಾಡಿದ್ದೆಲ್ಲ ಮಾಡದಂತೆಯೇ. ತನ್ನ ಗಂಡನಿಗೆ ವಿಮೆ ಇತ್ತೆಂಬುದೇ ತಿಳಿಯದ ವಿಧವೆ ಯಾರನ್ನು ಕೇಳಿ ಹಣ ಪಡೆಯಬೇಕು? ಭವಿಷ್ಯನಿಧಿಯ ಸಂಖ್ಯೆ, ಬ್ಯಾಂಕಿನ ಶಾಖೆ, ವಿಮೆಯ ಪತ್ರದ ಸಂಖ್ಯೆ, ಕೊಟ್ಟ ಸಾಲ, ತಂದ ಸಾಲ ಇವನ್ನು ಒಂದು ಪುಸ್ತಕದಲ್ಲಿ ಬರೆದು ಹೆಂಡತಿಯ ಕೈಗೆ ಕೊಡಬೇಕು. ಎಲ್ಲ ಪತ್ರಗಳ ಒಂದೊಂದು ನಕಲು ಊರಿನಲ್ಲಿರಲಿ, ಒಂದು ತನ್ನ ಬಳಿಯಲ್ಲಿರಲಿ. ಸರಕಾರದ ಡಿಜಿಲಾಕರಿನಲ್ಲಿ ಇಡುವ ಅನುಕೂಲವೂ ಈಗ ಇದೆ.

ಮಾಡತಕ್ಕ ಕ್ರಮವನ್ನು ಮತ್ತೊಮ್ಮೆ ಸಂಕ್ಷೇಪಿಸುತ್ತೇವೆ. ಬೇಕಾದವರು ಕತ್ತರಿಸಿ ಇಟ್ಟುಕೊಳ್ಳಲಿ.

ಹೆರಿಗೆಗೆ ಮುನ್ನ: ಹೆಸರುಗಳ ಚೀಟಿ ಬರೆದು, ತಂದೆತಾಯಿಗಳ ಆಧಾರಿನೊಡನೆ ತಾಳೆ ನೋಡುವುದು.

21 ದಿನದೊಳಗೆ: ಹುಟ್ಟಿದ ಊರಿನಲ್ಲಿ ನೋಂದಣಿಯಾಯಿತೆಂದು ಖಚಿತ ಮಾಡಿಕೊಳ್ಳುವುದು.

ಮೂರು ತಿಂಗಳೊಳಗೆ: ಹೆಸರು ಸೇರಿಸಿ ಪ್ರಮಾಣಪತ್ರ ಪಡೆದು ಓದಿನೋಡುವುದು, ಇಎಸ್‌ಐ, ರೇಶನ್ ಕಾರ್ಡುಗಳಲ್ಲಿ ಕೂಸಿನ ಹೆಸರು ಬರೆಸುವುದು.

ಆರು ತಿಂಗಳೊಳಗೆ: ಭವಿಷ್ಯನಿಧಿ, ಬ್ಯಾಂಕು, ವಿಮೆಗಳಲ್ಲಿ ನಾಮಿನಿಯ ಹೆಸರು ಸರಿಪಡಿಸುವುದು, ಬಾಲ ಆಧಾರ್ ಮಾಡಿಸುವುದು.

ವರ್ಷ ತುಂಬುವ ಮೊದಲು: ಇಬ್ಬರೂ ಮೃತ್ಯುಪತ್ರ ಬರೆದು ಪೋಷಕನನ್ನು ಹೆಸರಿಸುವುದು, ಪುಸ್ತಕ ಬರೆದು ಹೆಂಡತಿಗೆ ಒಪ್ಪಿಸುವುದು.

ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ಸಲ ಹೂಮಾಲೆ, ಭಾಷಣಗಳ ನಡುವೆ ಒಂದು ಭಾನುವಾರವನ್ನು ಈ ಕೆಲಸಕ್ಕೆ ಮೀಸಲಿಟ್ಟು, ಅರ್ಜಿ ತುಂಬಬಲ್ಲ ನಾಲ್ವರು ಗುಮಾಸ್ತರನ್ನು ಮೇಜು ಹಾಕಿ ಕೂರಿಸಿದರೆ ನೂರಾರು ಸಂಸಾರಗಳಿಗೆ ಉಪಕಾರವಾದೀತು. ಬರೆಯಬಲ್ಲ ಗುಮಾಸ್ತನೂ ಬರೆಯಲಾರದ ಮಾಣಿಯೂ ಒಂದೇ ಊರಿನವರು. ಇಬ್ಬರೂ ಒಂದೇ ರೈಲಿನಲ್ಲಿ ಬಂದವರು. ಸಂಘದವರ ಉತ್ತರವನ್ನು ನಾವು ಎದುರುನೋಡುತ್ತೇವೆ.